ಪ್ರಯಾಣದವರ ಸಾಲಿನಲ್ಲಿ ಇವಾನ್

ಬ್ನೇದ್ ಅಲ್ ಗಾರ್, ಕುವೈತ್
29 ಅಕ್ಟೋಬರ್ 2025, ಬುಧವಾರ

ಪ್ರೀತಿಯ ಇವಾನ್ ಪುತಾ,

ಹೇಗಿದ್ದೀ? ಹನ್ನೊಂದು ತಿಂಗಳಿಂದ ಎಲ್ಲಿದ್ದಾನೆ ಎಂದೇ ತಿಳಿಯದವನನ್ನು ಹೇಗಿದ್ದೀ ಎಂದು ಕೇಳುವುದು ಹುಚ್ಚು ಎಂದು ನಿನ್ನ ಡ್ಯಾಡಿ ಹೇಳುತ್ತಾರೆ. ಕಾಗದ ಬರೆಯುವಾಗ ಮೊದಲು ಆರೋಗ್ಯ ವಿಚಾರಿಸಬೇಕು ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ, ಹಾಗಾಗಿ ಕೇಳುತ್ತೇನೆ. ಆ ಒಣ ಕೆಮ್ಮು ಹೋಯಿತೇ? ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಎಂದಿನಂತೆ ಕೆಲಸ. ಡ್ಯಾಡಿಗೆ ಶುಗರ್ ಸ್ವಲ್ಪ ಏರಿದೆ. ಬೆಳಗ್ಗೆ ಮೀನಾ ಅಲ್ ಅಹ್ಮದಿಯ ಕಂಪೆನಿ ಬಸ್ಸಿಗೆ ಓಡುವ ಅವಸರದಲ್ಲಿ ಮಾತ್ರೆ ಮರೆಯುತ್ತಾರೆ, ನಾನು ಬೈಯುತ್ತೇನೆ, ಅವರು ನಾಳೆಯೂ ಮರೆಯುತ್ತಾರೆ. ವಾಟ್ಸಾಪಿನಲ್ಲಿ ನಿನಗೆ ಹಾಕಿದ್ದಕ್ಕೆಲ್ಲ ಒಂದೇ ಟಿಕ್ ಬೀಳುತ್ತದೆ, ಅದಕ್ಕೇ ಕಾಗದ ಹಿಡಿದೆ. ನಿನಗೆ ಕನ್ನಡ ಓದುವುದು ಕಷ್ಟ, ಅಕ್ಷರಕ್ಕೆ ಅಕ್ಷರ ಕೂಡಿಸಿ ನಿಧಾನ ಓದು. ಕಿನ್ನಿಗೋಳಿಯಲ್ಲಿ ಕಲಿತ ನನಗೆ ಮನಸ್ಸಿನಲ್ಲಿದ್ದುದನ್ನು ಬೇರೆ ಲಿಪಿಯಲ್ಲಿ ಬರೆಯಲು ಬರುವುದಿಲ್ಲ.

ನಾವಿಬ್ಬರೂ ಜರ್ಮನಿಯ ಆ ನಿನ್ನ ರೇಗನ್ಸ್‌ಬುರ್ಗಿಗೆ ಹೋಗಿ ಬಂದೆವು. ಹೋದದ್ದು ಜಗಳದಿಂದ. ನಮ್ಮ ಮನೆಯ ತೇರ್ಸ್ ನಿನಗೆ ಗೊತ್ತೇ ಇದೆ. ಸಂಜೆ ಜಪಮಾಲೆ ಮುಗಿದ ಮೇಲೆ ಪ್ರಯಾಣದಲ್ಲಿರುವವರಿಗಾಗಿ ಒಂದು ಪ್ರಾರ್ಥನೆ, ಅದಾದ ಮೇಲೆ ತೀರಿಹೋದವರಿಗಾಗಿ ಇನ್ನೊಂದು. ಹೆಸರುಗಳನ್ನು ಹೇಳುವವಳು ನಾನು. ನಿನ್ನ ಬ್ಯಾಗೂ ಫೋನೂ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಸಿಕ್ಕಿದ ದಿನದಿಂದ, ಅಲ್ಲಿನ ಪೊಲೀಸರು ಹುಡುಕಿ ಹುಡುಕಿ ಕೈಚೆಲ್ಲಿದ ಮೇಲೂ, ನಿನ್ನ ಹೆಸರನ್ನು ಪ್ರಯಾಣದವರ ಜೊತೆಗೇ ಹೇಳುತ್ತ ಬಂದಿದ್ದೇನೆ. ಡ್ಯಾಡಿಯೂ ಜೊತೆಗೆ ಆಮೆನ್ ಅನ್ನುತ್ತಿದ್ದರು. ಆದರೆ ನವೆಂಬರ್ ಬಂತೆಂದರೆ ಪ್ರತಿ ಮನೆಯವರೂ ತಮ್ಮ ಮೃತರ ಹೆಸರುಗಳನ್ನು ಬರೆದು ಲಕೋಟೆಯಲ್ಲಿ ಇಗರ್ಜಿಗೆ ಕೊಡಬೇಕಲ್ಲ, ತಿಂಗಳಿಡೀ ಅದು ಪೀಠದ ಬಳಿ ಇರುತ್ತದೆ. ಸೆಪ್ಟೆಂಬರಿನಲ್ಲೇ ಒಂದು ದಿನ ಊಟಕ್ಕೆ ಕೂತು, "ಈ ಸಲ ಅವನನ್ನೂ ಬರೆಯುವ ಅಲ್ವಾ" ಎಂದು ಕೇಳಿದರು. ನಾನು ಸೌಟನ್ನು ಅಲ್ಲೇ ಕುಕ್ಕಿ ಒಳಗೆ ಹೋದೆ. ಮೂರು ದಿನ ಮಾತಿಲ್ಲ, ಕತೆಯಿಲ್ಲ. ನಾಲ್ಕನೆಯ ದಿನ ಅವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಮ್ಮೆ ಆ ಊರು ನೋಡಿ ಬರುವ ಇನೆಜ್. ಮತ್ತೆ ನೀನು ಹೇಳಿದ ಹಾಗೆ" ಅಂದರು.

ನೀನು ಕಳಿಸಿದ್ದ ಹದಿನಾಲ್ಕು ವಿಡಿಯೊಗಳೇ ನಮಗೆ ಗೈಡು. ವಯರಿನ ಇಯರ್‌ಫೋನ್ ಒಂದು ನನ್ನ ಕಿವಿಗೆ, ಒಂದು ಡ್ಯಾಡಿಯ ಕಿವಿಗೆ. ಅಂಟಿಕೊಂಡೇ ನಡೆಯಬೇಕಾಯಿತು. ನೋಡಿದವರು ಈ ವಯಸ್ಸಿನಲ್ಲಿ ಇವರಿಗೇನು ಸರಸ ಎಂದುಕೊಂಡಿರಬೇಕು. "ಮಮ್ಮಿ, ಲೆಫ್ಟ್ ನೋಡು, ಟವರ್" ಎಂದು ನೀನು ಅಂದಾಗ ಎಡಕ್ಕೆ ನೋಡಿದೆವು, ಹಿಂದಿನ ಕಾಲದ ಸಾಹುಕಾರರು ಜಂಬಕ್ಕೆ ಕಟ್ಟಿಸಿದ ಎತ್ತರದ ಗೋಪುರ ಅಲ್ಲೇ ಇತ್ತು. ಕೈ ಚಾಚಿದರೆ ಎರಡೂ ಗೋಡೆ ಸಿಗುವ ಓಣಿಗಳು, ಅವಳಿ ಶಿಖರದ ದೊಡ್ಡ ಇಗರ್ಜಿ, ನದಿಯ ಬದಿಯಲ್ಲಿ ಹೊಗೆಯಾಡುವ ಸಾಸೇಜ್ ಅಂಗಡಿ, ಎಲ್ಲ ನೀನು ಹೇಳಿದಲ್ಲೇ ಇದ್ದವು. ಆಮೇಲೆ ಆ ಕಲ್ಲು ಸೇತುವೆ. ಅದನ್ನು ಕಟ್ಟಿದವನು ಮೊದಲು ದಾಟುವ ಜೀವಗಳು ನಿನಗೇ ಎಂದು ಸೈತಾನನಿಗೆ ಮಾತು ಕೊಟ್ಟು, ಕೊನೆಗೆ ಕೋಳಿಯನ್ನೂ ನಾಯಿಯನ್ನೂ ದಾಟಿಸಿ ಮೋಸ ಮಾಡಿದ ಕತೆಯನ್ನು ನೀನು ನಗುತ್ತ ಹೇಳುತ್ತಿದ್ದೆ. ನನಗೆ ನಗು ಬರಲಿಲ್ಲ. ಕಮಾನುಗಳ ಕೆಳಗೆ ನೀರು ಗಿರಗಿರ ಸುತ್ತಿ ಒಳಗೆ ಎಳೆಯುತ್ತಿತ್ತು.

ಇದನ್ನು ನಂಬುವುದಾದರೆ ನಂಬು. ವಿಡಿಯೊಗಳಲ್ಲಿ ನಿನ್ನ ಹೆಜ್ಜೆಯ ಸದ್ದಿದೆ, ಕಾಲೆಳೆದು ನಡೆಯುವ ನಿನ್ನ ಕೆಟ್ಟ ಅಭ್ಯಾಸ. ಎಷ್ಟು ಶೂ ಸವೆಸಿದ್ದೀಯೋ ಲೆಕ್ಕವಿಲ್ಲ. ಸೇತುವೆಯ ಮಧ್ಯದಲ್ಲಿ ನಾನು ವಿಡಿಯೊ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ಸೇತುವೆ ದಾಟಿ ಆಚೆ ದಡದ ಸ್ಟಾಟ್‌ಆಮ್‌ಹೋಫಿಗೆ ಹೋದರೂ, ಆ ಬಣ್ಣ ಬಣ್ಣದ ಮನೆಗಳ ಬೀದಿಯುದ್ದಕ್ಕೂ ಹಿಂದಿನಿಂದ ಬರುತ್ತಲೇ ಇತ್ತು. ನಾನು ಮೂರು ಸಲ ತಿರುಗಿ ನೋಡಿದೆ. ಡ್ಯಾಡಿಯನ್ನು ಕೇಳಲು ಧೈರ್ಯವಾಗಲಿಲ್ಲ, ಅವರೂ ತಿರುಗುತ್ತಿದ್ದರು. ಬ್ಯಾಗು ಸಿಕ್ಕಿದ ಜಾಗ ನದಿ ನಡುವಿನ ದ್ವೀಪದ ದಂಡೆಯಲ್ಲಿದೆ. ಅಲ್ಲೊಂದು ಬೆಂಚು. ಅದರಲ್ಲಿ ಕೂತು ಒಬ್ಬ ಹುಡುಗಿ ಐಸ್‌ಕ್ರೀಂ ತಿನ್ನುತ್ತಿದ್ದಳು. ಪಾಪ, ಅವಳ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಹೇಳಲಾರೆ.

ಅಲ್ಲಿಂದ ಬರುವಾಗ ಒಂದು ಸಣ್ಣ ಇಗರ್ಜಿ ಕಂಡಿತು. ಹೂ ಜೋಡಿಸುತ್ತಿದ್ದ ಮುದುಕಿಯ ಕೈಗೆ, ಇವಾನ್ ಎಂದು ಬರೆದ ಚೀಟಿಯನ್ನೂ ಪೂಜೆಯ ಕಾಣಿಕೆಯನ್ನೂ ಕೊಟ್ಟೆ. ನಮ್ಮ ಜನ ಹೇಗೆಂದು ನಿನಗೆ ಗೊತ್ತು. ಪರೀಕ್ಷೆಗೆ ಪೂಜೆ, ವೀಸಾಕ್ಕೆ ಪೂಜೆ, ಇಲ್ಲಿ ಇರಲು ಬೇಕಾದ ಇಕಾಮಾ ರಿನ್ಯೂ ಆಗಲಿಕ್ಕೂ ಪೂಜೆ. ಮಗ ಮನೆಗೆ ಬರಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು, ಚೀಟಿಯಲ್ಲಿ ಅದನ್ನು ಬರೆಯಬೇಕೆಂದು ತೋಚಲೇ ಇಲ್ಲ. ಆಕೆ ನನ್ನ ಕೆಂಪು ಕಣ್ಣು ನೋಡಿ ಕೈ ಒತ್ತಿ, ನಾಳೆ ಬೆಳಗ್ಗೆ ಎಂದು ಬೆರಳಿನಲ್ಲಿ ಗಂಟೆ ತೋರಿಸಿದಳು. ಮರುದಿನ ಪೂಜೆಗೆ ನಾವೂ ಸೇರಿ ಹನ್ನೊಂದು ಜನ. ನನಗೆ ಜರ್ಮನ್ ಒಂದಕ್ಷರ ಬಾರದು. ಆದರೆ ಪೂಜೆಯಲ್ಲಿ ಯಾವುದರ ನಂತರ ಯಾವುದು ಎಂಬುದು ನನ್ನ ಮೊಣಕಾಲಿಗೂ ಗೊತ್ತು. ರೊಟ್ಟಿ, ದ್ರಾಕ್ಷಾರಸ ಎತ್ತಿ ಆಯಿತು. ಪೋಪ್ ಸ್ವಾಮಿಯ ಹೆಸರು, ಬಿಷಪರ ಹೆಸರು ಬಂತು. ಆಮೇಲೆ ತೀರಿಹೋದವರನ್ನು ನೆನೆಯುವ ಜಾಗ. ಅಲ್ಲಿ ಪಾದ್ರಿ "ಇವಾನ್" ಅಂದರು.

ಎದ್ದು ನಿಂತು, ಅಲ್ಲಿ ಅಲ್ಲ ಫಾದರ್, ಅಲ್ಲಿ ಅಲ್ಲ ಎಂದು ಕೂಗಬೇಕೆನಿಸಿತು. ಡ್ಯಾಡಿ ನನ್ನ ಮೊಣಕೈ ಬಿಗಿಯಾಗಿ ಹಿಡಿದಿದ್ದರು. ನಿನ್ನ ಮುಖವನ್ನೇ ಕಾಣದ ಒಂಬತ್ತು ಮಂದಿ ಮುದುಕರು ನಿನಗಾಗಿ ತಲೆ ತಗ್ಗಿಸಿದ್ದರು. ಅವರು ಆಮೆನ್ ಅಂದಾಗ ನನ್ನ ಬಾಯಿಂದಲೂ ಆಮೆನ್ ಬಂದುಬಿಟ್ಟಿತು. ಹೊರಗೆ ಬಂದು ಮತ್ತೆ ಸೇತುವೆ ದಾಟಿದೆವು. ಹಿಂದೆ ಯಾವ ಹೆಜ್ಜೆಯೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಇಷ್ಟು ದಿನ ಪ್ರಯಾಣದವರ ಸಾಲಿನಲ್ಲಿ ಹಿಡಿದಿಟ್ಟು, ನಿನ್ನನ್ನು ದಾರಿಯಲ್ಲೇ ನಿಲ್ಲಿಸಿದವಳು ನಾನೇ ಇರಬಹುದೇ ಎಂದು ವಿಮಾನದಲ್ಲಿ ಯೋಚಿಸುತ್ತ ಬಂದೆ. ಡ್ಯಾಡಿಗೆ ಹೇಳಿಲ್ಲ, ನಿನಗೇ ಮೊದಲು ಹೇಳುತ್ತಿರುವುದು.

ಕೆಳಗಿನ ಫ್ಲ್ಯಾಟಿನ ಲೂರ್ಡ್ಸ್ ಆಂಟಿ ನಿನ್ನನ್ನು ಕೇಳುತ್ತಿರುತ್ತಾರೆ. ನಿನಗೆ ಹುಡುಗಿ ನೋಡುವುದನ್ನು ಅವರಿನ್ನೂ ಬಿಟ್ಟಿಲ್ಲ. ಎಲ್ಲೇ ಇರು, ತಲೆ ಒದ್ದೆ ಇಟ್ಟುಕೊಂಡು ಗಾಳಿಗೆ ನಿಲ್ಲಬೇಡ. ನಿನ್ನ ನೆತ್ತಿಯ ಮೇಲೆ ನಮ್ಮಿಬ್ಬರ ಕೈಯಿದೆ, ದೇವರ ಬೆಸಾಂವ್ ಇದೆ, ಆಶೀರ್ವಾದ ಇದೆ.

ನಿನ್ನ ಮಮ್ಮಿ,
ಇನೆಜ್

ತಾ.ಕ.: ಲಕೋಟೆಯನ್ನು ನಾಡಿದ್ದು ಶುಕ್ರವಾರ ಪೂಜೆಗೆ ಹೋಗುವಾಗ ಕೊಡಬೇಕು. ಡ್ಯಾಡಿ ಈಗಷ್ಟೇ ಪಕ್ಕದಲ್ಲಿ ಕೂತು ಹೆಸರುಗಳನ್ನು ಬರೆದರು. ಅವರ ಅಪ್ಪ, ಅಮ್ಮ, ನನ್ನ ಅಪ್ಪ. ಅಲ್ಲಿಗೆ ಪೆನ್ನು ನಿಂತಿತು. ಬರೆಯುವ ಬರೆಯುವ ಎಂದು ನನ್ನ ಜೀವ ತಿಂದವರು ಇವರೇ. ಹಾಳೆಯನ್ನು ನನ್ನ ಕಡೆ ತಳ್ಳಿ, "ನನ್ನಿಂದ ಆಗುವುದಿಲ್ಲ ಮಾರಾಯ್ತಿ" ಎಂದು ಎದ್ದು ಹೋದರು. ನಾನು ಬರೆದೆ, ಪುತಾ. ತಪ್ಪಾಗಿದ್ದರೆ ಶುಕ್ರವಾರದೊಳಗೆ ಬಂದು ನನಗೆ ಬೈ.