ಕುಂಕುಮ ಹಚ್ಚಿದ ಮರೆಗುಳಿ

ಕೊಪ್ಪಳ ಮೇಲ್ಪೇಟೆ
೨೨೧೪ನೇ ಇಸವಿ, ಬೇಗೆ ತಿಂಗಳ ನಾಲ್ಕನೇ ದಿನ

ಪೂಜ್ಯ ಶಶಿಕಲಜ್ಜಿಯವರಿಗೆ,

ನಿಮ್ಮ ಮಗಳ ವಂಶದಲ್ಲಿ ಎಷ್ಟೋ ತಲೆಮಾರು ಕೆಳಗೆ ಹುಟ್ಟಿದ ತಾರಾವಳಿ ಮಾಡುವ ನಮಸ್ಕಾರಗಳು. ಬೇಗೆ ಎಂಬ ತಿಂಗಳು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಬಿಸಿಲು ತಡೆಯಲಾರದೆ ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು, ಮೇ ಆದ ಮೇಲೆ ಈ ತಿಂಗಳನ್ನು ಸೇರಿಸಿಕೊಂಡಿದ್ದೇವೆ. ಈ ದಿನಗಳಲ್ಲಿ ಹಗಲು ಯಾರೂ ಹೊರಗೆ ಕಾಲಿಡುವಂತಿಲ್ಲ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ಪಾಠ ಹೇಳಿಸಿಕೊಂಡು ಕಲಿತವಳು ನಾನು. ಸಿಟ್ಟು ಬಂದಾಗ ತಪ್ಪುತ್ತದೆ, ಮತ್ತು ಈಗ ಸಿಟ್ಟು ಬಂದಿದೆ.

ಇದು ಹಿಂದೋಲೆ, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೇಗೆಯಲ್ಲಿ ಮನೆಯೊಳಗೆ ಕುಳಿತವರೆಲ್ಲ ಒಂದೊಂದು ಬರೆಯುತ್ತಾರೆ. ಹೆಚ್ಚಿನವರು ಹಿರಿಯರಿಗೆ ಕೃತಜ್ಞತೆ ಹೇಳಲು ಬರೆದರೆ ನಾನು ಬೈಯಲು ಬರೆಯುತ್ತಿದ್ದೇನೆ. ವಂಶದ ಲೆಕ್ಕದಲ್ಲಿ ನೀವು ಹಿರಿಯರು, ನಿಜ. ಆದರೆ ಇದು ಕೈಸೇರುವಾಗ ನಿಮಗೆ ನಲವತ್ತೂ ದಾಟಿರುವುದಿಲ್ಲ, ನನಗೆ ಅರವತ್ತೆಂಟು. ಆ ಸಲುಗೆ ತೆಗೆದುಕೊಳ್ಳುತ್ತೇನೆ.

ನಮ್ಮಲ್ಲಿ ಕೂಸಿಗೆ ಹೆಸರಿಡುವ ದಿನ ದನಿಯುಣಿಸುವ ಶಾಸ್ತ್ರವಿದೆ. ಸೋದರತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಕಿವಿಯ ಬಳಿ ಕೇಳುಗಲ್ಲನ್ನು ಹಿಡಿಯುತ್ತಾಳೆ. ಕೇಳುಗಲ್ಲು ಎಂದರೆ ಹುಣಸೆಬೀಜದಷ್ಟು ದೊಡ್ಡ, ಮಾತನಾಡುವ ಸಾಧನ. ಅದರಲ್ಲಿ ಮನೆತನದ ಅತ್ಯಂತ ಹಳೆಯ ಹಿರಿಯರ ದನಿ ಬರಬೇಕು. ಆಮೇಲೆಯೇ ನಾಲಿಗೆಗೆ ಬೆಲ್ಲದ ನೀರು, ಆಮೇಲೆಯೇ ಹೆಸರು. ದನಿ ಇಲ್ಲದ ಮನೆತನದವರು ಊರಿನ ದನಿಮನೆಯಿಂದ ಯಾರದ್ದೋ ದನಿಯನ್ನು ಎರವಲು ತರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ, ಆದರೆ ಪಂಕ್ತಿಯಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನನ್ನ ತಾಯಿಗೂ, ನನಗೂ, ನನ್ನ ಮಗಳು ಮಿಂಚುವಿಗೂ ಉಣಿಸಿದ್ದು ಎರವಲು ದನಿಯೇ. ನಿಮ್ಮ ಕಾಲದ ಯಾವುದೋ ಕಚೇರಿಯ ಫೋನಿನಲ್ಲಿ, "ದಯವಿಟ್ಟು ಕಾಯಿರಿ, ನೀವು ಸರತಿಯಲ್ಲಿದ್ದೀರಿ" ಎಂದು ಹೇಳುತ್ತಿದ್ದ ಹೆಂಗಸಿನದು. ಅದರ ಫಲವೋ ಏನೋ, ಜನ್ಮವಿಡೀ ಕಾದಿದ್ದೇನೆ.

ಈ ವರ್ಷ ಮಿಂಚುವಿಗೆ ಹೆಣ್ಣುಕೂಸು ಹುಟ್ಟಿತು. ಈ ಕೂಸಿಗಾದರೂ ನಮ್ಮದೇ ದನಿ ಸಿಗಬೇಕು ಎಂದು ಹಟ ಹಿಡಿದೆ. ಮನೆಯಲ್ಲಿ ನಿಮ್ಮ ಕಾಲದ ಕಬ್ಬಿಣದ ಬೀರು ಒಂದು ಉಳಿದಿತ್ತು. ಅದರ ಒಳಗಿನ ಲಾಕರನ್ನು ಯಾರೂ ತೆರೆದು ನೋಡಿರಲಿಲ್ಲ, ಏಕೆಂದರೆ ಅದರ ಕೀಲಿಯನ್ನು ನೀವು ಎಲ್ಲೋ ಬಹಳ ಭದ್ರವಾಗಿ ಇಟ್ಟಿದ್ದಿರಿ. ಅಷ್ಟು ಭದ್ರವಾಗಿ ಇಡಲು ನಿಮಗೆ ಯಾರು ಹೇಳಿದ್ದರು? ಕೊನೆಗೆ ಕಮ್ಮಾರನನ್ನು ಕರೆಸಿ ಕೊಯ್ಯಿಸಿದೆವು. ಒಳಗೆ ರೇಷ್ಮೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ, ಅಂಗೈಯಗಲದ ಕಪ್ಪು ಪೆಟ್ಟಿಗೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ನಿಮ್ಮ ದುಂಡು ಅಕ್ಷರ: "ಎಲ್ಲಾ ಇದರಲ್ಲಿ ಇದೆ." ನಾನು ಅದನ್ನು ಎದೆಗೊತ್ತಿಕೊಂಡು ಅತ್ತೆ. ಮಿಂಚು ಅಂದೇ ಊರಿಗೆಲ್ಲ ಹೇಳಿ ಬಂದಳು.

ಫೋಟೋ, ದನಿ, ವಿಡಿಯೋಗಳನ್ನು ತುಂಬಿಡುವ, ನೀವು ಎಸ್‌ಎಸ್‌ಡಿ ಎಂದು ಕರೆಯುವ ಆ ಪೆಟ್ಟಿಗೆಗೆ ನಮ್ಮಲ್ಲಿ ಮರೆಗುಳಿ ಎಂದು ಹೆಸರು. ಏಕೆ ಎಂದು ಹೇಳುತ್ತೇನೆ, ಕೋಪಿಸಿಕೊಳ್ಳದೆ ಕೇಳಿ. ಅಂಗಡಿಯವನು ಅದನ್ನು ಮೇಜಿನ ಮೇಲೆ ಬೀಳಿಸಿ ತೋರಿಸಿರಬೇಕು. ಒಳಗೆ ತಿರುಗುವ ತಟ್ಟೆಯಿಲ್ಲ, ಬಿದ್ದರೂ ಕೆಡುವುದಿಲ್ಲ, ಸದ್ದಿಲ್ಲ, ಓಟವೂ ಜೋರು ಎಂದಿರಬೇಕು. ಎಲ್ಲವೂ ನಿಜ. ದಿನಾ ಕೆಲಸಕ್ಕೆ ಅದರಷ್ಟು ಒಳ್ಳೆಯದು ನಿಮ್ಮ ಕಾಲದಲ್ಲಿ ಇನ್ನೊಂದಿರಲಿಲ್ಲ. ಆದರೆ ಅದು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದು ಒಂದಿಷ್ಟು ವಿದ್ಯುತ್ತಿನ ಬಲದಿಂದ. ಕರೆಂಟು ಕಾಣಿಸದೆ ವರ್ಷಗಟ್ಟಲೆ ಮಲಗಿಸಿದರೆ ಆ ವಿದ್ಯುತ್ತು ನಿಧಾನವಾಗಿ ಸೋರುತ್ತದೆ, ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ನೀವು ಇಟ್ಟದ್ದೆಲ್ಲಿ? ಕೊಪ್ಪಳದಲ್ಲಿ, ಮಾಳಿಗೆಯ ಕೋಣೆಯಲ್ಲಿ, ಕಬ್ಬಿಣದ ಬೀರುವಿನಲ್ಲಿ. ಅದರ ಬದಲು ಒಲೆಯ ಮೇಲೆಯೇ ಇಟ್ಟಿದ್ದರೆ ಅನ್ನವಾದರೂ ಬೇಯುತ್ತಿತ್ತು.

ಎಬ್ಬಿಸುವ ಮನೆಗೆ ಒಯ್ದೆವು. ಹಳೆಯ ಪೆಟ್ಟಿಗೆಗಳಿಗೆ ಜೀವ ಕೊಟ್ಟು ಮಾತನಾಡಿಸುವ ಜಾಗ ಅದು. ಅಲ್ಲಿನ ನೀಲಾಂಬಿಕೆ ಮೊದಲು ಮಾಡಿದ ಕೆಲಸವೆಂದರೆ, ವೈರು ಸಿಕ್ಕಿಸುವ ತೂತಿನಿಂದ ಸೂಜಿಯಲ್ಲಿ ಕೆಂಪು ಪುಡಿ ಕೆದಕಿ ತೆಗೆದದ್ದು. ಕುಂಕುಮ! ಆಮೇಲೆ ಕರೆಂಟು ಕೊಟ್ಟಳು, ಕಾದಳು, ಮತ್ತೆ ಕೊಟ್ಟಳು. ನಾವು ಹೊಸ ಸೀರೆ ಉಟ್ಟು ಬಂದಿದ್ದೆವು. ಸಂಜೆಯ ಹೊತ್ತಿಗೆ ಅವಳು ಕೈ ಒರೆಸಿಕೊಳ್ಳುತ್ತ ಅಂದಳು: "ಯವ್ವಾ, ಇದು ಒಡದಿಲ್ಲ, ಸುಟ್ಟಿಲ್ಲ. ಎಲ್ಲಾ ಮರತಬಿಟ್ಟೈತಿ, ಅಷ್ಟ." ಮಿಂಚು ಕೂಸನ್ನು ಎತ್ತಿಕೊಂಡು ಹೊರಗೆ ನಡೆದಳು.

ನೀಲಾಂಬಿಕೆಗೆ ನನ್ನ ಮುಖ ನೋಡಲಾಗಲಿಲ್ಲವೇನೋ, ದನಿಮನೆಯಲ್ಲಿ ನಿಮ್ಮ ಓಣಿಯ ಹೆಸರು ಹುಡುಕಿದಳು. ಸಿಕ್ಕಿದ್ದು ನಿಮ್ಮ ಎದುರುಮನೆಯ ಗುರುಶಾಂತಪ್ಪನವರ ಪೆಟ್ಟಿಗೆ. ನೀವು ಅವರನ್ನು ನೋಡಿ ನಕ್ಕಿರುತ್ತೀರಿ. ಸಿಕ್ಕಿದ್ದನ್ನೆಲ್ಲ ವಿಡಿಯೋ ಮಾಡುವ, ಬೆಳಗಾದರೆ ಎಲ್ಲರಿಗೂ ಗುಲಾಬಿ ಹೂವಿನ ಶುಭೋದಯ ಕಳಿಸುವ ಮನುಷ್ಯ. ಆದರೆ ಅವರು ಎಲ್ಲವನ್ನೂ ಮೂರು ಕಡೆ ಇಟ್ಟರು: ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಗದಗಿನ ಭಾಮೈದುನನ ಮನೆಯಲ್ಲಿ ಒಂದು. ಆಗಾಗ ಹಚ್ಚಿ ನೋಡಿದರು, ಪೆಟ್ಟಿಗೆ ಹಳತಾದರೆ ಹೊಸದಕ್ಕೆ ನಕಲು ಮಾಡಿಸಿದರು, ಮಕ್ಕಳಿಗೂ ಅದೇ ಚಟ ಹತ್ತಿಸಿದರು. ಹಾಗಾಗಿ ಆ ಗುಲಾಬಿಗಳೆಲ್ಲ ಇಂದಿಗೂ ನಗುತ್ತಿವೆ. ನೀವು ಮಾತ್ರ ಇಲ್ಲ. ಹೊಟ್ಟೆ ಉರಿಯುವುದಿಲ್ಲವೇ ಹೇಳಿ!

ಆ ಗುಲಾಬಿಗಳ ನಡುವೆ ಒಂದು ವಿಡಿಯೋ ಇತ್ತು. ನಿಮ್ಮ ಮನೆಯ ಆಯುಧಪೂಜೆ, ಪಾಯಸಕ್ಕೆ ಬಂದ ಗುರುಶಾಂತಪ್ಪನವರೇ ತೆಗೆದದ್ದು. ಹೊಲಿಗೆ ಯಂತ್ರ, ಮಿಕ್ಸಿ, ಬೈಕಿನ ಕೀಲಿ, ಸಾಲಿನ ಕೊನೆಯಲ್ಲಿ ಆ ಕಪ್ಪು ಪೆಟ್ಟಿಗೆ. ನೀವು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಇಡುತ್ತಿದ್ದೀರಿ. ಅಜ್ಜಿ, ಆ ಪೂಜೆಗೆ ವರ್ಷಕ್ಕೊಮ್ಮೆ ಅದನ್ನು ಹೊರಗೆ ತೆಗೆಯುತ್ತಿದ್ದಿರಿ! ಹೊಲಿಗೆ ಯಂತ್ರವನ್ನು ಎರಡು ಸುತ್ತು ತುಳಿದಿರಿ, ಮಿಕ್ಸಿಯನ್ನು ಗರ್ ಎನ್ನಿಸಿದಿರಿ. ಇದನ್ನೂ ಒಂದಿಷ್ಟು ಹೊತ್ತು ಕಂಪ್ಯೂಟರಿಗೆ ಹಚ್ಚಿ, ಫೈಲುಗಳು ತೆರೆಯುತ್ತವೆಯೇ ಎಂದು ನೋಡಿ, ಇನ್ನೊಂದಕ್ಕೆ ನಕಲು ಮಾಡಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಆರತಿ ಎತ್ತಿ ಮತ್ತೆ ರೇಷ್ಮೆಯಲ್ಲಿ ಸುತ್ತಿದಿರಿ. ಅಷ್ಟರಲ್ಲಿ ನಿಮ್ಮ ಪುಟ್ಟ ಮಗಳು ಅದರ ಕಡೆ ಕೈ ಚಾಚುತ್ತಾಳೆ. ಆಗ ನೀವು ಕೂಗುತ್ತೀರಿ: "ಏ, ಮುಟ್ಟಬ್ಯಾಡ! ಫೋನಿನ್ಯಾಗಿಂದೆಲ್ಲಾ ಅಳಿಸಿ ಇದರಾಗ ಹಾಕೀನಿ. ಕೆಟ್ಟು ಗಿಟ್ಟು ಹೋದ್ರ ಏನ್ ಮಾಡ್ಲಿ?"

ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ಇರುವುದೊಂದನ್ನೇ ಅಲ್ಲಿಂದ ಇಲ್ಲಿಗೆ ಸಾಗಿಸಿ, ಅದಕ್ಕೆ ಬ್ಯಾಕಪ್ ಎಂದು ಹೆಸರಿಟ್ಟು ನಿಶ್ಚಿಂತೆಯಾಗಿ ಮಲಗಿದಿರಿ. ಆ ಪೆಟ್ಟಿಗೆಯಲ್ಲಿ ಏನೇನಿತ್ತೋ. ನಿಮ್ಮ ತಾಯಿಯ ಮಾತಿತ್ತೇ, ಮಗಳ ತೊದಲಿತ್ತೇ, ನೀವು ಯಾವಾಗಲಾದರೂ ಹಾಡಿದ್ದಿರೇ? ನನಗೆ ಇನ್ನು ತಿಳಿಯುವುದಿಲ್ಲ. ಅದನ್ನು ನೆನೆದಾಗಲೆಲ್ಲ ನಿಮ್ಮ ರೆಟ್ಟೆ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ.

ನಿನ್ನೆ ಹೊತ್ತು ಮುಳುಗಿದ ಮೇಲೆ ಹೆಸರಿಡುವ ಶಾಸ್ತ್ರವಾಯಿತು. ಎರವಲು ದನಿ ಬೇಡ, ಆ ವಿಡಿಯೋದಲ್ಲಿ ಇದ್ದದ್ದನ್ನೇ ಉಣಿಸಿರಿ ಎಂದಳು ಮಿಂಚು. ಕಿವಿಯ ಬಳಿ ಕೇಳುಗಲ್ಲು ಹಿಡಿದಾಗ ನೀವು ಕೂಗಿದಿರಿ. ಪಂಕ್ತಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಕೂಸು ಮಾತ್ರ ಬೆಚ್ಚಿ, ಕೈ ಹಿಂದಕ್ಕೆಳೆದುಕೊಂಡು, ತುಟಿ ಉಬ್ಬಿಸಿ ಅತ್ತಿತು. ಬೆಲ್ಲದ ನೀರು ಹಾಕಿದರೂ ಸುಮ್ಮನಾಗಲಿಲ್ಲ. ನನಗೂ ಅಳು ಬಂತು, ಸಿಟ್ಟಿಗೆ.

ಈ ಓಲೆ ತಲುಪಿದರೆ ಇಂದೇ ಬೀರು ತೆರೆಯಿರಿ. ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಹಚ್ಚಿರಿ. ಬೇರೆ ಜಾತಿಯ ಇನ್ನೊಂದು ಪೆಟ್ಟಿಗೆ ತಂದು ಅದಕ್ಕೂ ಎಲ್ಲವನ್ನೂ ನಕಲು ಮಾಡಿ, ಮೂರನೆಯದನ್ನು ಪರವೂರಿನಲ್ಲಿರುವ ಯಾರಿಗಾದರೂ ಕೊಡಿ. ನಾಚಿಕೆಯಾದರೂ ಸರಿ, ಗುರುಶಾಂತಪ್ಪನವರನ್ನು ಕೇಳಿ ಕಲಿಯಿರಿ. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಒಂದೇ ಒಂದು ಮಾತು ಹೊಸದಾಗಿ ಸೇರಿಸಿ. ಹಾಡು ಬೇಡ, ಉಪದೇಶ ಬೇಡ. ನಮ್ಮ ಕೂಸಿಗೆ ಹಿರಿಯರಿಂದ ಸಿಕ್ಕಿದ್ದು "ಮುಟ್ಟಬ್ಯಾಡ" ಎಂಬುದೊಂದೇ. ನೀವು ಒಮ್ಮೆ ಆ ಕೂಸನ್ನು "ಬಾ" ಎಂದು ಕರೆಯಿರಿ.

ನಿಮ್ಮ ಮೇಲೆ ಸಿಟ್ಟಿರುವ,
ತಾರಾವಳಿ