ಭಾನುವಾರದ ಮಣ್ಣು

ಬಸವೇಶ್ವರನಗರ,
೧೦ ನವೆಂಬರ್ ೨೦೨೫

ಮುದ್ದು ಮೇಧಾ,

ಅಮ್ಮನ ಆಶೀರ್ವಾದ, ಜೊತೆಗೊಂದಿಷ್ಟು ಸಿಟ್ಟು. ಫೋನು ಮಾಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂರುತ್ತಾರೆ, ಅದಕ್ಕೇ ಈ ಕಾಗದ.

ರಿಟೈರಾದ ಮೇಲೆ ಹೊತ್ತು ಹೋಗಲಿ ಎಂದು ಅವರ ಮೊಬೈಲಿಗೆ ಆ ನಿಧಿ ಹುಡುಕುವ ಆಟ ಹಾಕಿಕೊಟ್ಟವಳು ನೀನೇ ತಾನೆ? ಯಾರೋ ಎಲ್ಲೋ ಬಚ್ಚಿಟ್ಟ ಡಬ್ಬಿಯನ್ನು ಹುಡುಕುವುದು, ಅಲ್ಲಿನ ಮಣ್ಣು ಎಂಥದೆಂದು ಬರೆದು ಕಳಿಸುವುದು. ಮೊದಮೊದಲು ಚೆನ್ನಾಗಿಯೇ ಇತ್ತು. ಕೆರೆಯಂಚಿನ ಕಪ್ಪು ಗೋಡುಮಣ್ಣು, ಮಾಗಡಿ ರಸ್ತೆಯ ಗರಸು, ಎಲ್ಲವನ್ನೂ ಕವರಿನಲ್ಲಿ ತಂದು ನನ್ನ ಉಪ್ಪಿನಕಾಯಿ ಬಾಟಲಿಗಳಿಗೆ ತುಂಬಿ ಕಿಟಕಿಯಲ್ಲಿ ಜೋಡಿಸಿದರು. ಬೈದರೂ ನಗುತ್ತಿದ್ದರು.

ಈಗ ನಗು ನಿಂತಿದೆ. ಒಂದು ವಾರ ಕೆರೆಗೆ ಹೋಗಿದ್ದೆ ಎನ್ನುತ್ತಾರೆ, ಇನ್ನೊಂದು ವಾರ ಕಲ್ಲುಕ್ವಾರಿಗೆ. ಬೂಟಿನಲ್ಲಿ ಮಾತ್ರ ಪ್ರತಿ ಭಾನುವಾರವೂ ಅದೇ ಮಣ್ಣು, ಕೆಂಪಿನ ನಡುವೆ ಬಿಳಿ ಜೇಡಿಯ ಚುಕ್ಕೆ. ಕೆರೆಯ ಮಣ್ಣು ಹೀಗಿರುತ್ತದೆಯೇ? ತೊಳೆಯೋಣವೆಂದರೆ ಬೂಟು ಕಿತ್ತುಕೊಳ್ಳುತ್ತಾರೆ. ಹೊರಗಿದ್ದಷ್ಟು ಹೊತ್ತೂ ಫೋನು ಆಫ್. ಸಾಲದ್ದಕ್ಕೆ ಎದುರುಮನೆಯ ಕುಸುಮಾ, "ಕೆಂಗೇರಿ ಉಪನಗರದ ಹಿಂದೆ ಒಂದು ಹೆಂಚಿನ ಮನೆಗೆ ಅಂಕಲ್ ಹೋಗ್ತಾ ಇರ್ತಾರಲ್ಲ ಆಂಟಿ, ಯಾರ ಮನೆ ಅದು?" ಎಂದು ಕೇಳಿದಳು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಈ ವಯಸ್ಸಿನಲ್ಲಿ ಇನ್ನೊಂದು ಸಂಸಾರವೇ ಎಂದು ಹೊಟ್ಟೆ ಉರಿಯಿತು. ಹೇಳಲು ನಾಚಿಕೆ, ಆದರೆ ನಿನಗಲ್ಲದೆ ಯಾರಿಗೆ ಹೇಳಲಿ?

ನಿನ್ನೆ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಪಕ್ಕದ ಬೋಗಿಯಲ್ಲಿ ತಲೆ ತಗ್ಗಿಸಿ ಕೂತು, ಅವರ ಹಿಂದೆಯೇ ಹೋದೆ. ಅದೇ ಹೆಂಚಿನ ಮನೆ. ಜಗಲಿಯ ಮೇಲೆ ಶಂಕ್ರವ್ವ ಎಂಬ ಮುದುಕಿ. ಪಕ್ಕದ ಖಾಲಿ ಜಾಗದಲ್ಲಿ ನಿಮ್ಮಪ್ಪ ಮಂಡಿಯೂರಿ ನೆಲ ಅಗೆಯುತ್ತಿದ್ದರು. ಬಾಯಿಗೆ ಬಂದಂತೆ ಕೂಗಾಡಿಬಿಟ್ಟೆ. ಅವರು ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟರು. ನಾನು ಸುಸ್ತಾದ ಮೇಲೆ, "ನಮ್ಮ ಮಗು ಕಣೇ ಪ್ರಭಾ. ಇಲ್ಲೇ ಎಲ್ಲೋ ಮಲಗಿಸಿದ್ದು" ಎಂದರು.

ನಿನಗಿಂತ ಮೊದಲು ಒಂದು ಗಂಡುಮಗು ಹುಟ್ಟಿ, ಅಂದೇ ಹೋಯಿತು ಮೇಧಾ. ನಿನಗೆ ಹೇಳಿರಲಿಲ್ಲ. ಆಗ ನಾವು ಕೆಂಗೇರಿಯಲ್ಲಿ ಬಾಡಿಗೆಗಿದ್ದೆವು. ನಾನಿನ್ನೂ ಆಸ್ಪತ್ರೆಯಲ್ಲಿದ್ದೆ, ಹೆಂಗಸರು ಅಲ್ಲಿಗೆ ಹೋಗಬಾರದೆಂದು ಜಾಗ ಯಾವುದೆಂದೂ ಯಾರೂ ಹೇಳಲಿಲ್ಲ. ಗುಂಡಿ ತೋಡಿದ್ದು ಶಂಕ್ರವ್ವನ ಗಂಡ ಮುನಿಯಣ್ಣ, ಅವನೂ ಈಗಿಲ್ಲ. ಸುತ್ತಲಿನ ಗುರುತೆಲ್ಲ ಅಳಿಸಿ, ಕೆಂಪು ಮಣ್ಣಿನಡಿ ಬಿಳಿ ಜೇಡಿ ಬಂದದ್ದೊಂದೇ ನಿಮ್ಮಪ್ಪನಿಗೆ ನೆನಪು. ಈಗ ಚುಕ್ಕೆಚುಕ್ಕೆಯಾಗಿ ಸಿಗುವ ಆ ಜೇಡಿಯ ಪದರವೇ ಸಿಕ್ಕ ದಿನ ನನ್ನನ್ನು ಕರೆದುಕೊಂಡು ಹೋಗಿ ತೋರಿಸಬೇಕೆಂದಿದ್ದರಂತೆ. ಇಂಥವರನ್ನು ಅನುಮಾನಿಸಿದೆನಲ್ಲ ಎಂದು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಇನ್ನು ಮೇಲೆ ನಾನೂ ಜೊತೆಗೆ ಹೋಗುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅನುಮಾನದ ಅಮ್ಮ,
ಪ್ರಭಾ

ತಾ.ಕ.: ನಿಮ್ಮಪ್ಪ ಆಟೋ ಕರೆಯಲು ಹೋದಾಗ ಶಂಕ್ರವ್ವ ನನ್ನ ಕೈ ಹಿಡಿದುಕೊಂಡು, "ಆ ಜಾಗ ಇಲ್ಲಿಲ್ಲ ಕಣವ್ವ, ಅಗೋ ಆ ಅಪಾರ್ಟ್‌ಮೆಂಟ್ ಅಡೀಲಿ. ಪಾಯ ತೆಗೆದಾಗಲೇ ಮಣ್ಣೆಲ್ಲ ಲಾರೀಲಿ ಹೋಯ್ತು. ನಿಮ್ಮ ಯಜಮಾನ್ರ ಮುಖ ನೋಡಿ ಹೇಳಕ್ಕಾಗ್ಲಿಲ್ಲ" ಎಂದಳು. ನನಗೂ ಆಗಲಿಲ್ಲ. ನೀನೂ ಹೇಳಬೇಡ. ಇವತ್ತು ಮಾರೇನಹಳ್ಳಿಯ ಅಂಗಡಿಗೆ ಹೋಗಿ ನನಗೂ ಒಂದು ಪುಟ್ಟ ಸಲಿಕೆ ತಂದಿಟ್ಟುಕೊಂಡಿದ್ದೇನೆ.