ಸುರಂಗದ ಬಾಯಿಗೆ ಕಟ್ಟಿದ ಫ್ಲೆಕ್ಸ್

ಮೂಡಬಿದ್ರೆ
5 ಏಪ್ರಿಲ್ 2026, ಭಾನುವಾರ ಬೆಳಿಗ್ಗೆ

ನೌಫಲ್ ಅವರಿಗೆ,

ಅಸ್ಸಲಾಮು ಅಲೈಕುಂ. ಸಲಾಮಿಗೆ ಉತ್ತರ ಕೊಡುವುದು ನಿಮ್ಮ ಮೇಲೆ ಕಡ್ಡಾಯ ಎಂದು ನೆನಪಿಸಲಿಕ್ಕೇ ಬರೆದಿದ್ದೇನೆ, ಪ್ರೀತಿ ಉಕ್ಕಿ ಅಲ್ಲ. ಕ್ಷೇಮ ವಿಚಾರಿಸುವುದಿಲ್ಲ. ಹೆಂಡತಿಯ ನಂಬರನ್ನು ಬ್ಲಾಕ್ ಮಾಡಿ ಕುಳಿತವರು ಕ್ಷೇಮವಾಗಿಯೇ ಇರುತ್ತಾರೆ. ಅದಕ್ಕೇ ಈ ಪತ್ರವನ್ನು ಒಂಬತ್ತರ ಬಸ್ಸಿನ ಕಂಡಕ್ಟರ್ ಶರೀಫ್ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಬಿ.ಸಿ.ರೋಡಿನ ನಿಮ್ಮ ಫ್ಲೆಕ್ಸ್ ಅಂಗಡಿಗೇ ತಂದು ಕೊಡುತ್ತಾರೆ. ಓದದೆ ಎಸೆಯಬೇಡಿ.

ನಿನ್ನೆ ಉಮ್ಮ ಫೋನ್ ಮಾಡಿದ್ದರು. ನಿಮ್ಮ ತಾಯಿ ನನ್ನೊಡನೆ ಮಾತಾಡುವುದನ್ನು ನೀವಿನ್ನೂ ಬ್ಲಾಕ್ ಮಾಡಿಲ್ಲವಲ್ಲ. ಶುಕ್ರವಾರ ಜುಮಾ ಮುಗಿಸಿ ಬಂದು, ನಿಮ್ಮ ಅಜ್ಜ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಗೆ ಹಲಗೆ ಹೊಡೆದಿರಂತೆ. ಅದರ ಮೇಲೆ ಹಳೇ ಫ್ಲೆಕ್ಸ್ ಬಿಗಿದಿರಂತೆ. ಯಾರದೋ ಮದುವೆಯ ‘ಸುಸ್ವಾಗತ’ ಫ್ಲೆಕ್ಸ್. ನಿಮ್ಮ ಬುದ್ಧಿಗೆ ಸರಿಯಾಗಿದೆ.

ಒಳಗೆ ಎಂಬತ್ತೇಳು ಬಾವಲಿಗಳಿವೆ, ಹೋದ ಸಲ ಮಾದರಿ ತೆಗೆಯಲು ಬಂದಾಗ ನಾನೇ ಎಣಿಸಿದ್ದು. ಎಲೆಯಂಥ ಮೂಗಿನ, ಹೆಬ್ಬೆರಳಿನಷ್ಟೇ ಉದ್ದದ ಜೀವಗಳು. ನಾನು ನಿಕಾಹ್ ಆಗಿ ಆ ಮನೆಗೆ ಬಂದ ವರ್ಷ ಆರುನೂರಕ್ಕೂ ಮೇಲಿದ್ದವು. ಬಂಟ್ವಾಳ, ಬೆಳ್ತಂಗಡಿ ಸುತ್ತ ನಮ್ಮ ಬಾವಲಿ ಅಧ್ಯಯನದ ತಂಡ ಹೊಕ್ಕು ನೋಡಿದ ಬೇರೆ ಸುರಂಗಗಳೆಲ್ಲ ಈಗ ಖಾಲಿ. ಉಳಿದ ಈ ಎಂಬತ್ತೇಳರಲ್ಲಿ ಹೆಚ್ಚಿನವು ಬಸುರಿ. ಸಂಜೆ ಹೊರಗೆ ಹೋಗಿ ಹುಳ ತಿಂದು ಬಾರದೆ ಅವು ಬದುಕುವುದಿಲ್ಲ. ಎರಡು ಸಂಜೆ ಹೋಯಿತು. ಇವತ್ತೂ ಬಾಯಿ ತೆರೆಯದಿದ್ದರೆ ನಾಳೆ ನೀವು ತೆರೆದು ಪ್ರಯೋಜನವಿಲ್ಲ.

ವೈರಸ್ ಎನ್ನುತ್ತೀರಿ. ನೂರು ಸಲ ಹೇಳಿದ್ದೇನೆ, ನಾವು ಪರೀಕ್ಷೆ ಮಾಡುವುದು ರೋಗ ಉಂಟು ಎಂದಲ್ಲ, ಉಂಟೋ ಇಲ್ಲವೋ ಎಂದು ನೋಡಲಿಕ್ಕೆ. ಜನರಿಗೆ ತಗಲುವ ಮೊದಲೇ ತಿಳಿಯಲಿಕ್ಕೆ, ಇವು ಯಾಕೆ ಕಡಿಮೆಯಾಗುತ್ತಿವೆ ಎಂದೂ ತಿಳಿಯಲಿಕ್ಕೆ. ಅವುಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಹಿಕ್ಕೆಯನ್ನು ಟ್ಯೂಬಿಗೆ ತುಂಬಿಸುವುದು ನನ್ನ ಕೆಲಸ. ಫಲಿತಾಂಶ ನಿನ್ನೆ ಬಂತು. ಏನೂ ಇಲ್ಲ. ಪ್ರತಿ ಜೊತೆಗಿಟ್ಟಿದ್ದೇನೆ, ಬೇಕಾದರೆ ಅದನ್ನೂ ಫ್ಲೆಕ್ಸ್ ಮಾಡಿ ತೂಗುಹಾಕಿ.

ಹಾಗೆ ನೋಡಿದರೆ ಊರಿಗೆಲ್ಲ ಡಂಗುರ ಹೊಡೆದವರು ನೀವೇ. ಪರೀಕ್ಷೆಗೆ ಹೋದ ಮಾದರಿಗಳ ಪಟ್ಟಿಯಲ್ಲಿ ‘ಪಾದೆಬರಿ ಮನೆ’ ಎಂಬ ನಿಮ್ಮ ಮನೆಯ ಹೆಸರು ಕಂಡು ಯಾರೋ ವಾಟ್ಸಾಪಿಗೆ ಹಾಕಿದರು. ನಾಲ್ಕು ಜನ ನೋಡಿ ಮರೆಯುತ್ತಿದ್ದರು. ನೀವು ರಸ್ತೆಯ ತಿರುವಿನಲ್ಲಿ ಎಂಟಡಿಯ ಬೋರ್ಡ್ ನಿಲ್ಲಿಸಿದಿರಿ: ‘ಪಾದೆಬರಿ ಮನೆಯಲ್ಲಿ ಯಾವ ವೈರಸ್ಸೂ ಇಲ್ಲ’. ಅಂದಿನಿಂದ ಬಸ್ಸಿನಲ್ಲಿ ಹೋಗುವವರೂ ಅಲ್ಲಿ ಮೂಗು ಮುಚ್ಚುತ್ತಾರಂತೆ. ಉಮ್ಮ ದಿನಾ ಮಾಡಿ ಮಾರುವ ಅಕ್ಕಿರೊಟ್ಟಿಯನ್ನು ಹೋಟೆಲಿನವರು ಬುಟ್ಟಿಯನ್ನೂ ಮುಟ್ಟದೆ ವಾಪಸು ಕಳಿಸಿದರಂತೆ. ಹೇಳುವಾಗ ಉಮ್ಮ ಅತ್ತರು. ಆದರೆ ಹೋಟೆಲಿನವರ ಮೇಲಿನ ಸಿಟ್ಟನ್ನು ಬಾವಲಿಯ ಮೇಲೆ ತೀರಿಸುವುದು ಯಾವ ಗಂಡಸುತನ?

ಪಟ್ಟಿಗೆ ಆ ಹೆಸರು ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಜಾಗಕ್ಕೆ ನಂಬರ್ ಮಾತ್ರ, ಮನೆ ಹೆಸರು ಎಲ್ಲಿಯೂ ಬರೆಯಬಾರದು ಎಂಬುದು ನಮ್ಮ ನಿಯಮ. ಕಚೇರಿಯಲ್ಲಿ ಯಾರೋ ಕೈತಪ್ಪಿ ಹಾಕಿದ್ದಾರೆ. ಅಷ್ಟೆ.

ಎರಡು ವರ್ಷದ ಹಿಂದೆ, “ನಿಂಗೆ ಬಾವಲಿ ಬೇಕಾ, ನಾನು ಬೇಕಾ? ಈಗಲೇ ಹೇಳು ಮಾರಾಯ್ತಿ” ಎಂದು ಕೇಳಿದಿರಿ. ನಾನು ಸ್ವಲ್ಪ ಯೋಚಿಸಿದೆ. ಅಷ್ಟಕ್ಕೇ ನನ್ನ ಬ್ಯಾಗನ್ನು ಜಗಲಿಯಲ್ಲಿಟ್ಟಿರಿ. ಯೋಚಿಸಲೂ ಬಿಡದ ಮನುಷ್ಯನ ಜೊತೆ ಬಾಳುವ ಆಸೆ ನನಗೂ ಇಲ್ಲ. ತಲಾಖಿನ ಕಾಗದ ಕಳುಹಿಸುವುದಿದ್ದರೆ ಕಳುಹಿಸಿ, ಸಹಿ ಹಾಕುತ್ತೇನೆ. ಅದಕ್ಕೆ ಮೊದಲು ಸುರಂಗ ತೆರೆಯಿರಿ.

ನಾಲ್ಕರ ಬಸ್ಸಿಗೆ ನಾನು ಬರುತ್ತೇನೆ. ಆರೂವರೆಗೆ ಎಣಿಸಲು ಸುರಂಗದ ಎದುರು ಕೂರುತ್ತೇನೆ. ನಿಮ್ಮ ಮನೆಯ ಒಂದು ಲೋಟ ನೀರೂ ಮುಟ್ಟುವುದಿಲ್ಲ. ಹಲಗೆ ಹಾಗೆಯೇ ಇದ್ದರೆ ಉಮ್ಮನ ಕತ್ತಿ ತಂದು ನಾನೇ ಕೀಳುತ್ತೇನೆ, ಅಡ್ಡ ಬರಬೇಡಿ.

‘ನಿಮ್ಮ’ ಎಂದು ಬರೆಯಲು ಮನಸ್ಸಿಲ್ಲದ,
ಖದೀಜ

ಮತ್ತೆ: ಕಚೇರಿಯಲ್ಲಿ ಯಾರೂ ಕೈತಪ್ಪಿಲ್ಲ. ಇಲ್ಲಿಯೂ ಎಲ್ಲರಿಗೂ ಅದೇ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಮಾದರಿಯ ಫಾರ್ಮಿನ ಕೊನೆಯಲ್ಲಿ ಸಂಗ್ರಹಿಸಿದವರ ಹೆಸರು, ವಿಳಾಸ ಬರೆಯಲಿಕ್ಕಿತ್ತು. ಈ ಬಾಡಿಗೆ ಕೋಣೆಯ ವಿಳಾಸ ಬರೆಯಬೇಕಿತ್ತು. ನಾನು ಬರೆದದ್ದು: ಖದೀಜ ನೌಫಲ್, ಪಾದೆಬರಿ ಮನೆ. ಅದು ಹಾಗೆಯೇ ಪಟ್ಟಿಗೆ ಹೋಯಿತು. ಬರೆಯುವಾಗ ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ಉಮ್ಮನ ರೊಟ್ಟಿ ವಾಪಸು ಬಂದದ್ದು ನನ್ನಿಂದ. ಸಂಜೆ ನಾನು ಅಲ್ಲೇ ಇರುತ್ತೇನೆ, ಎಷ್ಟು ಬೇಕಾದರೂ ಬೈಯಿರಿ. ಅವುಗಳನ್ನು ಹೊರಗೆ ಬಿಡಿ.